ಪಿಯಾನೊದ ಪಾಲಿನ ನೀರು

ನನ್ನ ತಂಗಿ ನನಗೆ ಒಪ್ಪಿಸಿದ್ದು ಒಂದೇ ಒಂದು ಕೆಲಸ. ಅವಳ ಪಿಯಾನೊದ ಹೊಟ್ಟೆಯೊಳಗೆ ಇಟ್ಟಿದ್ದ ಬೋಗುಣಿಗೆ ಆಗಾಗ ಒಂದು ತಂಬಿಗೆ ನೀರು ಹಾಕುವುದು. ಅದನ್ನು ನಾನು ಮಾಡಲಿಲ್ಲ. ಮರೆತೆ ಅಂದರೆ ಸುಳ್ಳಾಗುತ್ತದೆ. ಮಾಡಿದ ಹಾಗೆ ನಟಿಸಿದೆ. ಒಂದು ಚಳಿಗಾಲ, ಅದರ ಬೆನ್ನಿಗೆ ಒಂದು ಬೇಸಿಗೆ, ಅವಳ ಕಣ್ಣ ಮುಂದೆಯೇ ತಂಬಿಗೆ ಹಿಡಿದು ಅವಳ ಕೋಣೆಗೆ ಹೋಗಿ ಬರುತ್ತಿದ್ದೆ. ನೀರು ಬೇರೆ ಕಡೆ ಹೋಗುತ್ತಿತ್ತು.

ನಾನು ಗಾದಿ ಹೊಲಿಯುವವನು. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಮನೆ. ಹತ್ತಿ ಹಿಂಜುವುದು ನಮ್ಮ ಮನೆತನದ ಕೆಲಸ. ಸಾಲಿ ಕಲಿತದ್ದು ಐದನೆಯ ಇಯತ್ತೆ, ಅದೂ ಪೂರ್ತಿ ಅಲ್ಲ. ಈ ಬರಹವನ್ನು ಮೊದಲು ಓದಿದವಳು ತಂಗಿಯೇ. ಒಂದೆರಡು ಕಡೆ, "ನಾ ಇಷ್ಟು ಛಲೋ ಹೆಣ್ಮಗಳಲ್ಲ" ಎಂದು ಬದಿಯಲ್ಲಿ ಬರೆದು ಗೀಟು ಎಳೆದಿದ್ದಾಳೆ. ಆ ಗೀಟುಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಅವಳಿಗೆ ಪಿಯಾನೊ ಹೇಗೆ ಬಂತು ಎನ್ನುವುದಕ್ಕೆ ಮೊದಲು ನಮ್ಮ ಕಮಾನಿನ ಮಾತು ಹೇಳಬೇಕು. ಕಮಾನು ಅಂದರೆ ಹತ್ತಿ ಹಿಂಜುವ ಬಿಲ್ಲು. ಆಳೆತ್ತರದ ಕಟ್ಟಿಗೆ, ಅದಕ್ಕೆ ಬಿಗಿದ ಕರುಳಿನ ತಂತಿ. ತಂತಿಯನ್ನು ಹತ್ತಿಯೊಳಗಿಟ್ಟು ಕಟ್ಟಿಗೆಯ ಗುಂಡಿನಿಂದ ಹೊಡೆದರೆ ಧಂಯ್ ಧಂಯ್ ಎಂದು ನಾದ ಬರುತ್ತದೆ, ಹತ್ತಿ ಮೋಡದಂತೆ ಏಳುತ್ತದೆ. ಈಗ ಎಲ್ಲ ಕಡೆ ಮಷಿನ್ ಬಂದಿದೆ, ನನ್ನ ಅಂಗಡಿಯಲ್ಲೂ ಇದೆ. ಆದರೆ ಅಪ್ಪನ ಕಮಾನು ಗೋಡೆಯ ಮೇಲಿದೆ. ಹಳೆಯ ಗಿರಾಕಿ ಬಂದು ಕೇಳಿದರೆ ಇಳಿಸುತ್ತೇನೆ.

ನಾವಿಬ್ಬರೇ ಮಕ್ಕಳು, ನಾನು ದೊಡ್ಡವನು. ತಂಗಿಗೆ ಸಣ್ಣಾಕೆ ಇದ್ದಾಗಿನಿಂದ ಹತ್ತಿಯ ಧೂಳು ಆಗುತ್ತಿರಲಿಲ್ಲ. ಕಮಾನು ಎರಡು ಸಲ ಮಿಡಿದರೆ ಸಾಕು, ಕೆಮ್ಮಿ ಕೆಮ್ಮಿ ಮುಖ ಕೆಂಪಾಗುತ್ತಿತ್ತು. ಹೀಗಾಗಿ ಅಪ್ಪ ಅವಳನ್ನು ಹಗಲು ಹೊತ್ತು ಮನೆಯಿಂದ ದೂರ ಇಡಲೆಂದೇ ಸಾಲಿಗೆ ಹಾಕಿದ. ನನ್ನ ಎದೆ ಗಟ್ಟಿ ಇತ್ತು, ಸಾಲಿ ಬಿಡಿಸಿ ಕಮಾನಿನ ಮುಂದೆ ಕೂರಿಸಿದ. ನಾನೂ ಕೆಲವು ದಿನ ಕೆಮ್ಮಿ ನೋಡಿದೆ. ಜೋರಾಗಿಯೇ ಕೆಮ್ಮಿದೆ. ಅಪ್ಪ ಏನೂ ಬೈಯಲಿಲ್ಲ. ಧೂಳಿನ ಗಂಟಲಿಗೆ ನಮ್ಮಲ್ಲಿ ಬೆಲ್ಲ ತಿನ್ನುವ ರೂಢಿ. ಒಂದು ದೊಡ್ಡ ಬೆಲ್ಲದ ಹೆಂಟೆ ಬಾಯಿಗೆ ತುರುಕಿ, "ಇದು ಕರಗೂದ್ರಾಗ ಆ ಮೂಲ್ಯಾಗಿನ ಹತ್ತಿ ಮುಗೀಬೇಕು" ಎಂದ. ಬಾಯಲ್ಲಿ ಬೆಲ್ಲ ಇದ್ದರೆ ಕೆಮ್ಮುವುದಕ್ಕೆ ಆಗುವುದಿಲ್ಲ. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು.

ಆ ಸಾಲಿಯಲ್ಲಿ ಒಂದು ಹಾರ್ಮೋನಿಯಂ ಇತ್ತಂತೆ. ತಂಗಿ ಅದರ ಬೆನ್ನು ಹತ್ತಿದಳು. ಕಲಿತಳು, ಮತ್ತೂ ಕಲಿತಳು, ಕಡೆಗೆ ಕಾರವಾರದ ಒಂದು ಸಾಲಿಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಬಾಯಿ, ಅಂದರೆ ಟೀಚರ್, ಆದಳು. ಲಗ್ನ ಬೇಡ ಎಂದಳು, ನಾವೂ ಕೇಳಿ ಕೇಳಿ ಬಿಟ್ಟೆವು. ಅಲ್ಲಿ ಒಬ್ಬ ಮುದುಕಿ ಟೀಚರಮ್ಮನ ಮನೆಯಲ್ಲಿ ಬಾಡಿಗೆಗೆ ಇದ್ದಳು. ಆ ಮನೆಯ ನಡುಕೋಣೆಯಲ್ಲಿ ಕಪ್ಪು ಬಣ್ಣದ, ಕಪಾಟಿನ ಹಾಗೆ ನೆಟ್ಟಗೆ ನಿಂತ ಪಿಯಾನೊ. ಟೀಚರಮ್ಮ ಅದನ್ನು ಅವಳಿಗೆ ಕಲಿಸಿದರು. ವಯಸ್ಸಾಗಿ ಊರು ಬಿಡುವಾಗ ಅವಳಿಗೇ ಕೊಟ್ಟು ಹೋದರು.

ನಾನು ಒಮ್ಮೆ ಮಳೆಗಾಲದಲ್ಲಿ ಅವಳನ್ನು ನೋಡಲು ಕಾರವಾರಕ್ಕೆ ಹೋಗಿದ್ದೆ. ಅಬ್ಬಾ, ಆ ಊರಿನ ಹಸಿ! ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗಿತ್ತು. ಕಡ್ಡಿಪೆಟ್ಟಿಗೆ ಗೀರಿದರೆ ಹತ್ತುತ್ತಿರಲಿಲ್ಲ. ನಾನು ಕಷ್ಟಪಟ್ಟು ಹೊಲಿದು ಕೊಟ್ಟಿದ್ದ ಗಾದಿ ಅಂಬಲಿ ಕುಡಿದ ಹೊಟ್ಟೆಯ ಹಾಗೆ ಭಾರವಾಗಿತ್ತು. ಆದರೆ ಪಿಯಾನೊದ ಕೆಳಗಿನ ಹಲಗೆಯ ಸಂದಿನಿಂದ ಸಣ್ಣಗೆ ಬೆಳಕು ಬರುತ್ತಿತ್ತು.

"ಒಳಗ ದೀಪಾ ಯಾಕ ಹಚ್ಚೀದಿ?" ಎಂದು ಕೇಳಿದೆ.

"ಅದಕ್ಕ ಥಂಡಿ ಆಗಬಾರದಂತ."

"ನಿನಗ ಸ್ವೆಟರ್ ಇಲ್ಲ, ಇದಕ್ಕ ಬಲ್ಬ್ ಬೇಕಾತ?"

"ನಾ ಥಂಡಿ ಹತ್ತಿದ್ರ ಸೀನತೇನಿ. ಇದು ಸ್ವರಾ ಬಿಡ್ತೈತಿ."

ಕಡಲ ಗಾಳಿ ಕುಡಿದು ಕಟ್ಟಿಗೆ ಉಬ್ಬುತ್ತದೆ, ಬೆರಳಿನಿಂದ ಒತ್ತಿದ ಸ್ವರದ ಮಣೆ ತಿರುಗಿ ಮೇಲೇಳುವುದಿಲ್ಲ, ತಂತಿಗೆ ತುಕ್ಕು ಹತ್ತುತ್ತದೆ, ಸ್ವರ ಏರಿ ಕೂರುತ್ತದೆ. ಅದಕ್ಕೇ ಬಲ್ಬ್, ಅದಕ್ಕೇ ವರ್ಷಕ್ಕೆ ಎರಡು ಸಲ ಸ್ವರ ಕೂಡಿಸುವವರು ಬರುತ್ತಾರೆ ಎಂದು ವಿವರಿಸಿದಳು. ಅವರನ್ನೂ ಆಗಲೇ ನೋಡಿದೆ. ಕಾರವಾರದವರೇ, ಬೆಳ್ಳಗಿನ ಮೀಸೆ, ಮಾತು ನಿಲ್ಲಿಸಿದರೆ ಉಸಿರು ನಿಂತೀತು ಎನ್ನುವ ಹಾಗೆ ಮಾತಾಡುವ ಮನುಷ್ಯ. ಅವರು ಪಿಯಾನೊ ತೆರೆದಾಗ ಒಳಗೆ ನೋಡಿದೆ. ಸಾಲು ಸಾಲು ತಂತಿ. ಅವುಗಳ ಮುಂದೆ ಉಣ್ಣೆಯ ಗುಂಡು ಕಟ್ಟಿದ ಸುತ್ತಿಗೆಗಳ ಸಾಲು. ನನಗೆ ಒಳಗೊಳಗೇ ನಗು ಬಂತು. ಇದು ನಮ್ಮ ಕಮಾನೇ ಅಲ್ಲವಾ? ತಂತಿಗೆ ಹೊಡೆಯುವುದು, ನಾದ ಎಬ್ಬಿಸುವುದು. ಅಪ್ಪ ಒಂದು ತಂತಿಯಲ್ಲಿ ಸಂಸಾರ ಸಾಕಿದ, ಇಲ್ಲಿ ಒಂದು ಪೆಟ್ಟಿಗೆ ತುಂಬ ತಂತಿ.

ನಗುವಿನ ಹಿಂದೆ ಇನ್ನೊಂದು ಬಂತು, ಅದನ್ನೂ ಬರೆಯುತ್ತೇನೆ. ನಾನು ಜೀವಮಾನವೆಲ್ಲ ತಂತಿಗೆ ಹೊಡೆದೆ. ಓಣಿಯ ಮಂದಿ, "ಬಾಗಲಾ ಹಾಕ್ಕೊಂಡು ಹೊಡ್ಯೋ ಮಾರಾಯಾ, ಧೂಳ ಬರತೈತಿ" ಎಂದರು. ಇವಳು ತಂತಿಗೆ ಹೊಡೆದರೆ ಮಂದಿ ಚಪ್ಪಾಳೆ ತಟ್ಟುತ್ತಾರೆ.

ಸಾಲಿಯ ಕೆಲಸ ಮುಗಿದ ಮೇಲೆ ತಂಗಿ ನಮ್ಮ ಮನೆಗೇ ಬಂದಳು. ನನಗೂ ನನ್ನ ಹೆಂಡತಿಗೂ ಸಂತೋಷವೇ ಆಯಿತು. ಅಂಗಡಿಯ ಧೂಳು ಬಾರದ ಮಗ್ಗುಲಿನ ಕೋಣೆಗೆ ಸುಣ್ಣ ಬಳಿಸಿ ಕೊಟ್ಟೆವು. ಪಿಯಾನೊ ಘಟ್ಟ ಹತ್ತಿ ಟೆಂಪೊದಲ್ಲಿ ಬಂತು. ಇಳಿಸುವಾಗ ಓಣಿಗೆ ಓಣಿಯೇ ನೆರೆಯಿತು.

"ಏನ್ರಿ ಕಾಕಾ, ಹೊಸಾ ಕಪಾಟ?"

"ಏ, ಫ್ರಿಜ್ಜ್ ಇರಬೇಕೋ. ಎಷ್ಟ ಭಾರ ಐತಿ ನೋಡು."

"ಫ್ರಿಜ್ಜ್ ಅಂದ್ರ ಒದರತೈತೇನ?" ಯಾರದೋ ಭುಜ ತಗುಲಿ ಒಳಗಿನ ತಂತಿಗಳೆಲ್ಲ ಒಟ್ಟಿಗೆ ಝುಂಯ್ ಎಂದಿದ್ದವು.

ಸ್ವರ ಕೂಡಿಸುವವರೂ ಹಿಂದೆಯೇ ಬಸ್ಸಿನಲ್ಲಿ ಬಂದರು. ಒಂದು ಚೀಲ ಒಣಗಿಸಿದ ಕೋಕಂ ಹುಳಿ ತಂದಿದ್ದರು. ಪಿಯಾನೊ ನೋಡುವ ಮೊದಲು ಅವರು ಅಂಗಳಕ್ಕೆ ಹೋಗಿ ಹಗ್ಗದ ಮೇಲೆ ಒಣಹಾಕಿದ್ದ ನಮ್ಮ ಬಟ್ಟೆ ಮುಟ್ಟಿ ನೋಡಿದರು.

"ಯಾವಾಗ ಒಗೆದದ್ದು ಇದು?"

"ಈಗ ಚಾ ಕುಡಿಯೂ ಮುಂಚೆ ಹಾಕೇನ್ರಿ" ಎಂದಳು ನನ್ನ ಹೆಂಡತಿ.

"ಆಗಲೇ ಒಣಗೇ ಹೋಯ್ತಲ್ಲ ಮಾರಾಯ್ರೆ! ನಮ್ಮಲ್ಲಿ ವಾರ ಬೇಕು." ತಂಗಿಯ ಕಡೆ ತಿರುಗಿದರು. "ಇನ್ನು ಬಲ್ಬ್ ಬೇಡ. ಈಗ ನೀರು ಬೇಕು. ಇದು ಹಸಿ ಗಾಳಿಯಲ್ಲಿ ಬೆಳೆದದ್ದು. ದೀಪಾವಳಿ ಮುಗಿದು ನಿಮ್ಮ ಒಣ ಗಾಳಿ ಶುರುವಾಯ್ತಂದ್ರೆ ಕಟ್ಟಿಗೆ ಸೊರಗ್ತದೆ, ತಂತಿ ಬಿಗಿದ ಮೊಳೆ ಸಡಿಲ ಬೀಳ್ತದೆ, ಸ್ವರ ಇಳೀತದೆ. ಒಳಗೆ ಒಂದು ಬೋಗುಣಿ ನೀರು, ಅದರಲ್ಲಿ ಸ್ಪಂಜು. ಮಳೆ ಬರುವವರೆಗೆ ಆರಲಿಕ್ಕೆ ಬಿಡಬೇಡಿ."

ಹುಬ್ಬಳ್ಳಿ-ಧಾರವಾಡದವರಿಗೆ ಇದರ ತಮಾಷೆ ತಾನಾಗಿ ತಿಳಿಯುತ್ತದೆ. ನಳದಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಬಂದರೆ ಬಂತು. ನೀರು ಬರುವ ದಿನ ನಾವು ಲಗ್ನಕ್ಕೂ ಹೋಗುವುದಿಲ್ಲ. ಬ್ಯಾರಲ್, ಕೊಡ, ಬಕೆಟ್ಟು, ಕಡೆಗೆ ಕುಕ್ಕರಿನಲ್ಲೂ ತುಂಬಿಸಿ ಇಡುತ್ತೇವೆ. ನನ್ನ ಹೆಂಡತಿ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಮನ್ಯಾಗ ಮಂದಿಗೇ ಅಳತಿ ನೀರು. ಇನ್ನ ಈ ಕಟಗೀಗೂ ಒಂದ ಪಾಲ?"

"ನನ್ನ ಪಾಲಿನಾಗ ಕೊಡತೇನಿ ಭಾಬಿ. ನಾ ಒಂದ ತಂಬಗಿ ಕಡಿಮಿ ಜಳಕಾ ಮಾಡತೇನಿ" ಎಂದಳು ತಂಗಿ.

"ಹಂಗ್ಯಾಕ ಅಂತಿ? ನೀ ಜಳಕಾ ಮಾಡು. ನಿಮ್ಮಣ್ಣ ಮೊದಲ ಜಳಕಕ್ಕ ಕಳ್ಳ, ಅವನ ಪಾಲಿನಾಗ ತಗೀತೇನಿ."

ಹೀಗೆ ಪಿಯಾನೊದ ಪಾಲಿನ ನೀರು ನನ್ನ ಸ್ನಾನದಿಂದ ಹೋಯಿತು.

ಮೊದಲ ವರ್ಷ ತಂಗಿಯೇ ನೀರು ಇಟ್ಟಳು. ಪಿಯಾನೊ ಹದವಾಗಿತ್ತು. ಓಣಿಯ ಮಕ್ಕಳು ಕಲಿಯಲು ಬರತೊಡಗಿದರು. ಸಂಜೆಯಾದರೆ ಉಣಕಲ್ ಕಡೆಯಿಂದಲೂ ತಾಯಂದಿರು ಸ್ಕೂಟಿ ಮೇಲೆ ಮಕ್ಕಳನ್ನು ತಂದು ಬಿಡುತ್ತಿದ್ದರು. ತಂಗಿಯ ಮುಖದ ಮೇಲೆ ಕಾರವಾರದಲ್ಲೂ ಕಾಣದ ಕಳೆ ಬಂದಿತ್ತು. ಎರಡನೆಯ ವರ್ಷ ಅವಳ ಮೊಣಕಾಲು ಹಟ ಹಿಡಿದವು. ಸ್ಟೂಲಿನ ಮೇಲೆ ಕೂರಬಲ್ಲಳು, ನೆಲಕ್ಕೆ ಬಗ್ಗಲಾರಳು. ಬೋಗುಣಿ ಇರುವುದು ಕೆಳಗಿನ ಹಲಗೆಯ ಹಿಂದೆ, ನೆಲದಲ್ಲಿ ಕೂತೇ ತೆಗೆಯಬೇಕು.

"ಅಣ್ಣಾ, ನೀ ದಿನಾ ನೆಲದಾಗ ಕೂತು ಗಾದಿ ಹೊಲ್ಯಾವ. ನೀರಿಂದ ನೀ ನೋಡ್ಕೊ" ಎಂದಳು. "ಇಷ್ಟ ಮಾಡು ಸಾಕು. ಮತ್ತೇನೂ ಕೇಳೂದಿಲ್ಲ."

"ಆತ ತಗೋ" ಎಂದೆ.

ದೀಪಾವಳಿ ಕಳೆದಿತ್ತು. ಸ್ವರ ಕೂಡಿಸುವವರು ಆಗಷ್ಟೇ ಬಂದು ಕೆಲಸ ಮುಗಿಸಿ ಹೋಗಿದ್ದರು. ಮೊದಲ ದಿನ ಖರೇನೇ ನೀರು ಹಾಕಬೇಕೆಂದೇ ತಂಬಿಗೆ ತೆಗೆದುಕೊಂಡು ಹೋದೆ. ಹಲಗೆ ತೆಗೆದೆ. ಮೇಲೆ ತಂತಿ, ಕೆಳಗೆ ಬೋಗುಣಿ. ಕೈ ಮುಂದೆ ಹೋಗಲಿಲ್ಲ.

ಯಾಕೆಂದರೆ ನಮ್ಮ ಮನೆಯಲ್ಲಿ ಕಮಾನಿನ ಹತ್ತಿರ ನೀರು ತರುವಂತಿರಲಿಲ್ಲ. ಕರುಳಿನ ತಂತಿಗೆ ಹಸಿ ತಾಗಿದರೆ ಕೆಟ್ಟಿತು, ನಾದ ಸಪ್ಪಗಾಗುತ್ತದೆ, ಕೊಳೆಯುತ್ತದೆ. ಸಣ್ಣವನಿದ್ದಾಗ ಬಾಯಾರಿಕೆಗೆಂದು ಲೋಟ ತಂದು ಕಮಾನಿನ ಪಕ್ಕ ಇಟ್ಟುಕೊಂಡಿದ್ದೆ. ಅಪ್ಪ ಅಂದು ಬೆಲ್ಲದ ಬದಲು ಬೆನ್ನಿಗೆ ಕೊಟ್ಟಿದ್ದ. "ತಂತಿ ಇದ್ದಲ್ಲೆ ನೀರಿಲ್ಲ, ನೀರಿದ್ದಲ್ಲೆ ತಂತಿಲ್ಲ." ಆ ಮಾತು ನನ್ನ ಕೈಯಲ್ಲೇ ಕೂತುಬಿಟ್ಟಿತ್ತು. ಪಿಯಾನೊದ ತಂತಿ ಉಕ್ಕಿನದು, ಅದಕ್ಕೆ ಬೇರೆ ನೇಮ ಎಂದು ಎರಡು ಸಲ ಕೇಳಿದ್ದೆ. ಆದರೂ ಮನಸ್ಸು ಹೇಳಿತು: ಇವರಿಗೇನು ಗೊತ್ತು, ತಂತಿ ಹಿಡಿದು ಬೆಳೆದವ ನಾನು. ಒಣ ಗಾಳಿ ತಂತಿಗೆ ಒಳ್ಳೆಯದು. ನೀರು ಇಡದಿದ್ದರೇ ಇದು ಚೆನ್ನಾಗಿರುತ್ತದೆ.

ಇದು ಅರ್ಧ ಸತ್ಯ. ಉಳಿದ ಅರ್ಧ ಎಂದರೆ, ಅವಳಿಗೆ ಗೊತ್ತಿರುವುದು ನನಗೂ ಗೊತ್ತಿದೆ ಎಂದು ನನಗೇ ತೋರಿಸಿಕೊಳ್ಳುವ ಆಸೆ. ಅವಳ ಪೆಟ್ಟಿಗೆಯ ಬಗ್ಗೆ ಒಂದಾದರೂ ಮಾತು ನನ್ನದು ನಡೆಯಲಿ ಎಂಬ ಹಟ.

ಬೋಗುಣಿಯನ್ನು ಸುಮ್ಮನೆ ಸದ್ದು ಮಾಡಿ ಇಟ್ಟೆ. ಹಲಗೆ ಮುಚ್ಚಿದೆ. ಹಿತ್ತಿಲ ಬಾಗಿಲಿಗೆ ಬಂದರೆ ಎಣ್ಣೆ ಡಬ್ಬಿಯಲ್ಲಿ ಹೆಂಡತಿ ನೆಟ್ಟಿದ್ದ ಮಲ್ಲಿಗೆ ಕಡ್ಡಿ ಬಾಡಿ ನಿಂತಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ, ನೀರು ನೀರೇ. ಅದರ ಬುಡಕ್ಕೆ ಹಾಕಿದೆ.

"ಹಾಕಿದಿ?" ಒಳಗಿನಿಂದ ತಂಗಿ ಕೂಗಿದಳು.

"ಹಾಕೇನಿ" ಎಂದೆ. ಅದೂ ಸುಳ್ಳಾಗಿರಲಿಲ್ಲ.

ಅಲ್ಲಿಂದ ಮುಂದೆ ಹೀಗೇ ನಡೆಯಿತು. ತಂಬಿಗೆ, ಹಲಗೆ, ಬೋಗುಣಿಯ ಠಣ್, ಹಿತ್ತಿಲ ಬಾಗಿಲು. ಬೇಸಿಗೆ ಬರುವ ಹೊತ್ತಿಗೆ ಮಲ್ಲಿಗೆ ಕುತ್ತಿಗೆಯೆತ್ತರ ಬೆಳೆದಿತ್ತು. ಓಣಿಯಲ್ಲಿ ತುಳಸಿ ಗಿಡಗಳೂ ಒಣಗುತ್ತಿದ್ದ ಕಾಲದಲ್ಲಿ ನಮ್ಮ ಮಲ್ಲಿಗೆ ಬುಟ್ಟಿ ಬುಟ್ಟಿ ಹೂ ಬಿಟ್ಟಿತು.

"ನಾ ಪಾತ್ರಿ ತೊಳದ ನೀರು ಸೈತ ಹಾಕಿಲ್ಲ. ಇದಕ್ಕೆಲ್ಲಿಂದ ಬಂತೋ ಇಷ್ಟು ಸೊಕ್ಕು!" ಎಂದು ಹೆಂಡತಿ ಬೆರಗಾಗುತ್ತಿದ್ದಳು.

"ನಿನ್ನ ಕೈಗುಣಾ" ಎನ್ನುತ್ತಿದ್ದೆ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅವಳನ್ನು ಹೊಗಳಿದ್ದು ಅದೇ ಮೊದಲು. ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಆ ಹೂವನ್ನು ತಂಗಿ ಮಾಲೆ ಕಟ್ಟಿ ಪಿಯಾನೊದ ಮೇಲೆ ಇಡುತ್ತಿದ್ದಳು. ನಾನು ಆ ಕಡೆ ನೋಡದೆ ಹಾದುಹೋಗುತ್ತಿದ್ದೆ.

ಅಷ್ಟರಲ್ಲಿ ಪಿಯಾನೊ ಕೆಡತೊಡಗಿತ್ತು. ಅಂಗಡಿಯಲ್ಲಿ ಕೂತಲ್ಲೇ ನನಗೆ ಅದು ಕೇಳುತ್ತಿತ್ತು. ನಡುವಿನ ಸ್ವರಗಳು ಜೋತುಬಿದ್ದಿದ್ದವು, ಹಗ್ಗ ಸಡಿಲಾದ ಹೊರಸಿನ ಹಾಗೆ. ಒಂದು ಮಣೆ ಒತ್ತಿದರೆ ನೊಣ ಹೊಕ್ಕಂತೆ ಗುಂಯ್ ಎನ್ನುತ್ತಿತ್ತು. ಒಂದು ಮಗು, "ಟೀಚರ್, ಇದಕ್ಕ ನೆಗಡಿ ಆಗೇತೇನ್ರಿ?" ಎಂದಿತು. ಎಲ್ಲರೂ ನಕ್ಕರು, ತಂಗಿ ನಗಲಿಲ್ಲ. ಒಂದಿಬ್ಬರು ತಾಯಂದಿರು ಮಕ್ಕಳನ್ನು ಬಿಡಿಸಿದರು.

ನನಗೆ ಆಗಲೇ ಗೊತ್ತಾಗಿತ್ತು. ಆಗಲೇ ನೀರು ಹಾಕಲು ಶುರು ಮಾಡಬಹುದಿತ್ತು. ಹಾಕಿದರೆ ಇಲ್ಲಿಯವರೆಗೆ ಹಾಕಿರಲಿಲ್ಲ ಎಂದು ನಾನೇ ಒಪ್ಪಿದಂತೆ ಆಗುತ್ತದಲ್ಲ? ಯಾರೂ ನೋಡುವವರಿರಲಿಲ್ಲ, ಒಪ್ಪಿಕೊಳ್ಳಬೇಕಾಗಿದ್ದುದು ನನ್ನ ಮುಂದೆ ನಾನೇ. ಅದೇ ಆಗಲಿಲ್ಲ.

ತಂಗಿ ಕಾರವಾರಕ್ಕೆ ಫೋನ್ ಹಚ್ಚಿದಳು. ಸಿಟ್ಟಿನಲ್ಲಿ ಸ್ಪೀಕರ್ ಮೇಲೇ ಮಾತಾಡಿದಳು.

"ನೀವು ಈ ಸಲಾ ಏನ್ ಮಾಡಿ ಹೋಗೀರಿ? ಶಿವರಾತ್ರಿ ಬರೂದ್ರಾಗ ಎಲ್ಲಾ ಸ್ವರಾ ಇಳದು ಕುಂತಾವು. ವಯಸ್ಸಾತು, ಕೈ ನಡಗತಾವು ಅಂದ್ರ ಹೇಳಬೇಕಿತ್ತು."

ಆ ಮನುಷ್ಯ ಸುಮ್ಮನಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಅಂದರು, "ನೀರು ಇಡ್ತಾ ಇದ್ದೀರಿ ಅಲ್ವಾ?"

"ಇಡದ ಏನ್ರಿ? ನಮ್ಮಣ್ಣ ಇಡತಾನು. ಒಂದ ಸಲಾನೂ ತಪ್ಪಿಸಿಲ್ಲ."

ಅಂಗಡಿಯಲ್ಲಿ ನನ್ನ ದಬ್ಬಣ ಬೆರಳಿಗೆ ಚುಚ್ಚಿತು. ಬೆರಳು ಒರೆಸಿಕೊಂಡು ಮುಂದಿನ ಹೊಲಿಗೆ ಹಾಕಿದೆ.

ಹೀಗೆ ತಪ್ಪು ಮೊದಲು ಅವರ ಕೈಯದಾಯಿತು, ಆಮೇಲೆ ಹುಬ್ಬಳ್ಳಿಯ ಗಾಳಿಯದಾಯಿತು. "ಈ ಹವಾ ಇದಕ್ಕ ಒಗ್ಗೂದಿಲ್ಲ. ನಾನ ಹಟಾ ಮಾಡಿ ತಂದು ಇದರ ಜೀವಾ ತಗೊಂಡೆ. ತಿರುಗಿ ಕಳಸಿಬಿಡತೇನಿ" ಎಂದಳು ತಂಗಿ ಒಂದು ದಿನ ಊಟದ ನಡುವೆ. ಕಾರವಾರದಲ್ಲಿ ಮಕ್ಕಳಿಗೆ ಹಾಡು ಕಲಿಸುವ ಒಂದು ಹಾಲ್ ಇದೆಯಂತೆ, ಅಲ್ಲಿಗೆ ಕೊಡುವುದು. ಮಳೆ ಹಿಡಿಯುವ ಮೊದಲೇ ಘಟ್ಟ ಇಳಿಯಬೇಕು. ಸ್ವರ ಕೂಡಿಸುವವರೇ ಟೆಂಪೊ ಜೊತೆ ಬಂದು ಒಯ್ಯುತ್ತಾರೆ.

"ಅಣ್ಣಾ, ದಾರ್‍ಯಾಗ ಬಡೀಬಾರದು. ನಾಕೂ ಕಡೆ ಸುತ್ತೂ ಹಂಗ ಒಂದ ಗಾದಿ ಹೊಲದು ಕೊಡು."

ನಾನು ಎಷ್ಟೋ ಮದುಮಕ್ಕಳಿಗೆ ಗಾದಿ ಹೊಲಿದವನು. ಈ ಗಾದಿಗೆ ಮಾತ್ರ ದಾರ ಪೋಣಿಸಲು ಆಗಲಿಲ್ಲ. ಗಾದಿ ಆಗದಿದ್ದರೆ ಪಿಯಾನೊ ಹೋಗುವುದಿಲ್ಲ, ಪಿಯಾನೊ ಹೋಗದಿದ್ದರೆ ನಾನು ಏನೂ ಹೇಳಬೇಕಾಗಿಲ್ಲ ಎಂದು ಲೆಕ್ಕ ಹಾಕಿದೆ. ಅಳತೆ ತಪ್ಪಿತು ಎಂದೆ, ಮತ್ತೆ ಅಳೆದೆ. ಬಟ್ಟೆ ಬಂದಿಲ್ಲ ಎಂದೆ. ಹತ್ತಿ ಹಸಿ ಇದೆ, ಬಿಸಿಲಿಗೆ ಹಾಕಬೇಕು ಎಂದೆ. ಹುಬ್ಬಳ್ಳಿಯ ಮೇ ಬಿಸಿಲಿನಲ್ಲಿ!

"ಗಿರಾಕಿಗಿ ಹೇಳೂ ಸುಳ್ಳು ನನಗ ಹೇಳಬ್ಯಾಡ" ಎಂದಳು ತಂಗಿ. "ನಾ ನಿನ್ನ ಅಂಗಡ್ಯಾಗ ಹುಟ್ಟೇನಿ."

ಕಡೆಗೆ ಗಾದಿ ಆಯಿತು. ಬೇಡವೆಂದರೂ ಕೈ ಚೆನ್ನಾಗಿಯೇ ಹೊಲಿದಿತ್ತು.

ಟೆಂಪೊ ಬಂದ ದಿನ ಬೆಳಿಗ್ಗೆ ಆಕಾಶದಲ್ಲಿ ಮೋಡ ಇತ್ತು. ಸ್ವರ ಕೂಡಿಸುವವರು ಅಂಗಡಿಯಲ್ಲಿ ಹತ್ತಿ ಮೂಟೆಗೆ ಒರಗಿ ಚಾ ಕುಡಿಯುತ್ತಿದ್ದರು. ಎಂದಿನ ಹಾಗೆ ನಗುತ್ತಲೇ ಮಾತಾಡಿದರು.

"ನಿಮ್ಮ ತಂಗಿ ಹೇಳಿದ್ದು ಸರಿ ಇರಬೇಕು ಮಾರಾಯ್ರೆ. ಕೈ ನಡುಗ್ತದೋ ಏನೋ, ನಮಗೇ ಗೊತ್ತಾಗೋದಿಲ್ಲ. ಇದನ್ನ ಒಂದು ಮುಟ್ಟಿಸಿ ನಾನೂ ಈ ಹತ್ಯಾರದ ಚೀಲ ಮೂಲೆಗೆ ಹಾಕ್ತೇನೆ. ಮಗಳು ಹೇಳ್ತಾಳೆ, ಮನೇಲಿ ಕೂತು ಮೊಮ್ಮಕ್ಕಳಿಗೆ ಕಥೆ ಹೇಳು ಅಂತ."

ಕೈಯಲ್ಲಿ ಚಾ ಲೋಟ ಹಿಡಿದಿದ್ದರು. ಒಂದು ಹನಿಯೂ ಅಲುಗುತ್ತಿರಲಿಲ್ಲ. ನಾನು ಆ ಲೋಟವನ್ನೇ ನೋಡುತ್ತಿದ್ದೆ.

ಒಳಗೆ ತಂಗಿ ಪಿಯಾನೊ ಒರೆಸಿ ಮುಗಿಸಿದ್ದಳು. ಮಲ್ಲಿಗೆಯ ಮಾಲೆ ತಂದು ಅದರ ಮೇಲಿಟ್ಟು, "ಹೋಗವ್ವಾ, ನಿನ್ನ ಊರಿಗಿ ನೀ ಹೋಗು" ಎಂದಳು. ತವರಿನಿಂದ ಮಗಳನ್ನು ಕಳಿಸುವ ಹಾಗೆ. ಟೆಂಪೊದವನು ಹಗ್ಗ ಬಿಚ್ಚುತ್ತಿದ್ದ. ಸ್ವರ ಕೂಡಿಸುವವರು ಒಳಗಿನ ಸಾಮಾನು ಅಲುಗದ ಹಾಗೆ ಮಾಡಲು ಕೆಳಗಿನ ಹಲಗೆಗೆ ಕೈ ಹಾಕಲು ಬಗ್ಗಿದರು.

"ತಡೀರಿ" ಎಂದೆ. "ಆ ಹೂವು ತಗೀರಿ ಮೊದಲ. ಅದು ಇದರ ನೀರಾಗ ಬೆಳದಿದ್ದು."

ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. "ನಾ ಬೋಗುಣಿಗಿ ನೀರ ಹಾಕೇ ಇಲ್ಲ. ಒಂದ ದಿನಾನೂ ಹಾಕಿಲ್ಲ. ಎಲ್ಲಾ ಮಲ್ಲಿಗಿಗಿ ಹಾಕೇನಿ."

ಮೊದಲು ಬಾಯಿ ತೆರೆದವಳು ನನ್ನ ಹೆಂಡತಿ. "ಅಯ್ಯ! ಅದಕ್ಕ ನನ್ನ ಮಲ್ಲಿಗಿ! ಮತ್ತ ಕೈಗುಣಾ ಅಂದ್ಯಲ್ಲೋ, ಸುಳ್ಳಪ್ಪಾ!"

ಸ್ವರ ಕೂಡಿಸುವವರು ಹಲಗೆ ತೆಗೆದರು. ಬೋಗುಣಿ ಬೇಸಿಗೆಯ ಕೆರೆಯ ಹಾಗೆ ಒಣಗಿತ್ತು. ಸ್ಪಂಜು ಟೋಸ್ಟಿನಂತೆ ಗಟ್ಟಿಯಾಗಿ ಸೆಟೆದಿತ್ತು, ಅದರ ಪಕ್ಕದಲ್ಲಿ ಹಲ್ಲಿ ತತ್ತಿ ಇಟ್ಟಿತ್ತು. ಅವರು ಸ್ಪಂಜನ್ನು ಎತ್ತಿ ನೆಲಕ್ಕೆ ಬಡಿದರು, ಟಕ್ ಎಂದಿತು. ಮತ್ತೆ ಬಡಿದರು. ಆಮೇಲೆ ಎರಡೂ ಕೈ ಚಾಚಿ ತಂಗಿಯ ಮುಖದ ಮುಂದೆ ಹಿಡಿದರು.

"ನೋಡಿ, ನೋಡಿ ಬಾಯಿಯವರೇ! ನಡುಗ್ತದಾ? ನನ್ನ ಕೈ ಸರಿ ಇದೆ! ಮಗಳಿಗೆ ಫೋನ್ ಮಾಡ್ಬೇಕು ನಾನು!" ಹೇಳುತ್ತ ಹೇಳುತ್ತ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಟೆಂಪೊದವನಿಗೂ ನಗು ಹತ್ತಿತು, ಯಾಕೆಂದು ಅವನಿಗೆ ತಿಳಿದಿರಲಿಲ್ಲ.

ತಂಗಿ ನಗಲಿಲ್ಲ. ಅವರಿಗೆ ಕೈ ಜೋಡಿಸಿ, "ತಪ್ಪಾತ್ರಿ ನನ್ನಿಂದ, ಏನೇನೋ ಅಂದೆ" ಎಂದಳು. ನನ್ನ ಕಡೆ ನೋಡಲೇ ಇಲ್ಲ.

"ಏರಸೂದೋ ಬ್ಯಾಡೋ ಲಗೂ ಹೇಳ್ರಿ, ಮಳಿ ಬರಾಕತ್ತೈತಿ" ಎಂದ ಟೆಂಪೊದವನು.

ಸ್ವರ ಕೂಡಿಸುವವರು ಬ್ಯಾಟರಿ ಹಿಡಿದು ಒಳಗೆಲ್ಲ ನೋಡಿದರು. ಹಿಂದಿನ ಹಲಗೆಯಲ್ಲಿ ಕೂದಲೆಳೆಯಷ್ಟು ಬಿರುಕು, ಕೆಲವು ಮೊಳೆ ಸಡಿಲ. ಸಾಯುವಂಥದ್ದೇನೂ ಅಲ್ಲ. ಮಳೆ ಬಂದರೆ ತಾನೇ ಅರ್ಧ ಸುಧಾರಿಸುತ್ತದೆ, ಆಮೇಲೆ ತಾನು ಬಂದು ಉಳಿದ ಸ್ವರ ಏರಿಸುತ್ತೇನೆ ಎಂದರು. "ಗಾಳಿಯದ್ದೇನೂ ತಪ್ಪಿಲ್ಲ. ನೀರು ಕೊಟ್ಟರೆ ಇದು ಇಲ್ಲೇ ಬಾಳ್ತದೆ."

"ಏರಸಬ್ಯಾಡ್ರಿ" ಎಂದಳು ತಂಗಿ ಟೆಂಪೊದವನಿಗೆ. ಒಳಗೆ ಹೋಗಿ ಕದ ಹಾಕಿಕೊಂಡಳು. ನಾನು ಹೊಲಿದ ಗಾದಿಯನ್ನು ಸುತ್ತಿ ಸ್ವರ ಕೂಡಿಸುವವರ ಹೆಗಲಿಗೆ ಕೊಟ್ಟೆ, ಬೇಡವೆನ್ನದೆ ತೆಗೆದುಕೊಂಡರು. ಟೆಂಪೊದ ಹಿಂಬದಿಯಲ್ಲಿ ಅದನ್ನೇ ಹಾಸಿಕೊಂಡು ಮಲಗಿ ಘಟ್ಟ ಇಳಿದರಂತೆ.

ಆಮೇಲೆ ತಂಗಿ ನನ್ನೊಡನೆ ಮಾತು ಬಿಟ್ಟಳು. ಎದುರಿಗೇ ಕೂತಿದ್ದರೂ, "ಭಾಬಿ, ನಿಮ್ಮ ಮನಿಯವರಿಗಿ ಹೇಳ್ರಿ, ಅನ್ನಾ ಆರಾಕತ್ತೈತಿ" ಎನ್ನುತ್ತಿದ್ದಳು. ನನ್ನ ಹೆಂಡತಿಯೂ ನನ್ನ ಕಡೆ ತಿರುಗಿ ಗಂಭೀರವಾಗಿ, "ಅನ್ನಾ ಆರಾಕತ್ತೈತಂತ" ಎನ್ನುತ್ತಿದ್ದಳು. ಇಬ್ಬರೂ ಈ ಆಟವನ್ನು ಚೆನ್ನಾಗಿಯೇ ಆಡಿದರು.

ನಮ್ಮ ಮನೆಯಲ್ಲಿ ದೊಡ್ಡವರು ಸಣ್ಣವರಿಗೆ ತಪ್ಪಾಯಿತು ಎನ್ನುವ ರೂಢಿ ಇರಲಿಲ್ಲ. ಅಪ್ಪ ಸುಮ್ಮಸುಮ್ಮನೆ ಬೈದಿದ್ದರೆ ಸಂಜೆ ಮಿರ್ಚಿ ಭಜಿ ತರುತ್ತಿದ್ದ, ಅಷ್ಟಕ್ಕೇ ಎಲ್ಲ ಮುಗಿಯುತ್ತಿತ್ತು. ನಾನೂ ಗಿರ್ಮಿಟ್ ಮತ್ತು ಮಿರ್ಚಿ ಕಟ್ಟಿಸಿಕೊಂಡು ತಂದು ಅವಳ ಮುಂದೆ ಇಟ್ಟೆ. ಪೂರ್ತಿ ತಿಂದಳು. ಕೈ ಒರೆಸಿಕೊಂಡಳು.

"ಭಾಬಿ, ಗಿರ್ಮಿಟ್ ಭಾಳ ಛಲೋ ಐತಿ. ಆದ್ರ ಗಿರ್ಮಿಟ್ಟಿಗಿ ಮಾತಾಡಾಕ ಬರೂದಿಲ್ಲಂತ ಹೇಳ್ರಿ."

ನಡುವೆ ನೀರು ಬರುವ ದಿನ ಬಂತು. ಮಳೆ ಇನ್ನೂ ಹಿಡಿದಿರಲಿಲ್ಲ, ಬಂದಂತೆ ಮಾಡಿ ಹೋಗಿತ್ತು. ನಳದಿಂದ ಮೊದಲು ತುಂಬಿದ ತಂಬಿಗೆಯನ್ನು ಹಿಡಿದು ಅವಳ ಕೋಣೆಗೆ ಹೋದೆ. ಅವಳು ಸ್ಟೂಲಿನ ಮೇಲೆ ಕೂತು ಏನೋ ನುಡಿಸುತ್ತಿದ್ದಳು. ನೆಲದ ಮೇಲೆ ನನ್ನ ಹೆಂಡತಿಯ ಕನ್ನಡಿಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದಳು. ಕೂತಲ್ಲಿಂದಲೇ ಬೋಗುಣಿ ಕಾಣಬೇಕಲ್ಲ, ಅದಕ್ಕೆ.

ಕೆಳಗೆ ಕೂತೆ. ಹಲಗೆ ತೆಗೆದೆ. ಹೊಸ ಸ್ಪಂಜು ಇಟ್ಟು ನೀರು ಹೊಯ್ದೆ. ಅದು ಮೆಲ್ಲಗೆ ಕುಡಿದು ಉಬ್ಬುವುದನ್ನು ನೋಡುತ್ತ ಕೂತೆ. ಕನ್ನಡಿಯಲ್ಲಿ ಅವಳ ಮುಖ ಕಂಡಿತು, ಅವಳಿಗೆ ನನ್ನದು. ನಾನು ತಲೆ ತಗ್ಗಿಸಿ ಏನೋ ಗೊಣಗಿದೆ. ಜೋತುಬಿದ್ದ ಸ್ವರಗಳ ನಡುವೆ ಅದು ಮುಚ್ಚಿಹೋಗಲಿ ಎಂದೇ ಸಣ್ಣಗೆ ಗೊಣಗಿದ್ದು.

ಅವಳು ಕೈ ಎತ್ತಿದಳು. ಪಿಯಾನೊ ನಿಂತಿತು.

"ಏನಂದಿ?" ನೇರ ನನ್ನನ್ನೇ ಕೇಳಿದಳು.

"ಏನಿಲ್ಲ."

"ಕೆಮ್ಮಿದ್ಯಾ? ಬೆಲ್ಲಾ ತರಲೇನ?"

ಬಾಗಿಲಲ್ಲಿ ಕೊಡ ಹೊತ್ತು ನಿಂತಿದ್ದ ಹೆಂಡತಿ ಕಿಸಕ್ಕೆಂದಳು. ತಂಗಿ ನಗಲಿಲ್ಲ, ಕಾಯುತ್ತಿದ್ದಳು. ನಾನು ತಂಬಿಗೆ ಕೆಳಗಿಟ್ಟೆ. ನೆಲದಿಂದ ಏಳಲಿಲ್ಲ, ಅಲ್ಲಿಂದಲೇ ಅವಳ ಮುಖ ನೋಡಿ, ಓಣಿಗೆ ಕೇಳಿದರೂ ಕೇಳಲಿ ಎಂದು ಗಂಟಲು ಬಿಟ್ಟು ಹೇಳಿದೆ:

"ತಪ್ಪು ನಂದು, ತಂಗಿ. ನಿನ್ನ ತಂತಿಗಿ ಮಂದಿ ಚಪ್ಪಾಳಿ ಹೊಡೀತಾರಂತ ಹೊಟ್ಟಿ ಉರಕೊಂಡೆ, ಅದಕ್ಕ ನೀರ ಹಾಕಲಿಲ್ಲ. ಆ ಹಿರ್‍ಯಾರ ಮ್ಯಾಲೆ ತಪ್ಪ ಹೊರಿಸಿದಾಗೂ ಸುಮ್ಮನ ಕುಂತೆ. ನನ್ನ ಮಾಫ್ ಮಾಡು."